ವಾರ್ಡಿನಲ್ಲಿ ಜೊತೆಗೆ ಕೂರುವವರ ಖರ್ಚು

(ದುಬಾರೆಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತು)

 

ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದರಲ್ಲಿ ಕಾಣದ ನಮ್ಮದೊಂದು ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಹತ್ತನೇ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನವನ್ನು ಹಾಜರಾತಿ ಸಾಲದೆಂದು ನಿಲ್ಲಿಸಿದೆವು. ಆಕೆ ಊಟ, ನಿದ್ದೆ, ಮಾತು ಬಿಟ್ಟು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದಳೆಂದು ನಮಗೆ ತಿಳಿದದ್ದು ಮೂರು ತಿಂಗಳ ಮೇಲೆ. ತಾಯಿ ಹೇಳಿರಲಿಲ್ಲ. ನಾಳೆ ಮದುವೆಯ ಮಾತು ಬಂದಾಗ ಇದು ಅಡ್ಡಬರುತ್ತದೆಂಬ ಹೆದರಿಕೆ. ನಮ್ಮ ಅರ್ಜಿ ನಮೂನೆಯೂ ಆ ಹೆದರಿಕೆಗೆ ಸಹಾಯ ಮಾಡಿತ್ತು: 'ಗೈರುಹಾಜರಿಗೆ ಕಾರಣ' ಎಂದು ಕೇಳಿ, ಸಮಿತಿಯವರೆಲ್ಲ ಓದುವಂತೆ ಫೈಲಿನಲ್ಲಿ ಇಡುತ್ತಿದ್ದೆವು.

ಮಕ್ಕಳಿಗೇ ಬೇರೆ ಇರುವ ವಾರ್ಡಿನಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬೇಕೆಂದರೆ ನಮ್ಮವರ ಬಾಯಿಗೆ ಮೊದಲು ಬರುವ ಹೆಸರು ನಿಮ್ಹಾನ್ಸ್. ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಆದರೆ ಇಲ್ಲಿನ ಲೈನ್‌ಮನೆಯಿಂದ ಕುಶಾಲನಗರ, ಅಲ್ಲಿಂದ ಮೈಸೂರು, ಮುಂದೆ ಬೆಂಗಳೂರು ಎಂದರೆ ದಿನವೇ ಹೋಯಿತು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 87ನೇ ಕಲಮು 18 ತುಂಬದವರನ್ನು ದೊಡ್ಡವರ ಜೊತೆ ಇಡಬಾರದು ಎನ್ನುತ್ತದೆ. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ದಾಖಲಾತಿ ಅಗತ್ಯವೆಂದು ಒಪ್ಪಬೇಕು. ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ಮನೆಯ ಕಡೆಯವರೊಬ್ಬರು ಮಗುವಿನ ಜೊತೆ ಕೊನೆಯವರೆಗೂ ಇರಲೇಬೇಕು, ಹೆಣ್ಣುಮಗುವಾದರೆ ಹೆಂಗಸೇ ಇರಬೇಕು. ಒಳ್ಳೆಯ ಕಾಯ್ದೆಯೇ. ಆದರೆ ಕಾಫಿ ಕೊಯ್ಲಿನ ಹೊತ್ತಿನಲ್ಲಿ ತಾಯಿ ವಾರಗಟ್ಟಲೆ ವಾರ್ಡಿನಲ್ಲಿ ಕೂತರೆ ಕೂಲಿ ಎಲ್ಲಿಂದ ಬರಬೇಕು? ಮನೆಯಲ್ಲಿರುವ ಚಿಕ್ಕ ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು? ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಿಸಿಕೊಂಡು ಬಂದದ್ದೇಕೆ ಎಂದು ಕೇಳಿದಾಗ ಆ ತಾಯಿ ಹೇಳಿದ್ದೂ ಇದನ್ನೇ.

ಉಸ್ತಾದರ ಬಳಿ ನೀರು ಊದಿಸಿಕೊಂಡು ಬರುವವರನ್ನು ನಾವು ಬೇಡವೆನ್ನುವುದಿಲ್ಲ. ಹಾಗೆಯೇ ಮಡಿಕೇರಿಯಲ್ಲಿ ವೈದ್ಯರನ್ನೂ ಕಂಡು ಬನ್ನಿ ಎನ್ನುತ್ತೇವೆ, ಅಷ್ಟೆ. ಸರ್ಕಾರದ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಈ ವರ್ಷದಿಂದ ಕಾಯಿಲೆಯ ಕಾರಣಕ್ಕೆ ಯಾರ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ಜೊತೆ ಇರುವವರಿಗೆ ಬಸ್ಸಿನ ಖರ್ಚು, ತಪ್ಪಿಹೋದ ದಿನಗೂಲಿ ಕೊಡುತ್ತೇವೆ. ಇದಕ್ಕೆ ಝಕಾತ್ ಮುಟ್ಟದೆ ಸದಕಾ ಲೆಕ್ಕವನ್ನೇ ಬಳಸುತ್ತೇವೆ. ಹಾಡಿಯ ಮಕ್ಕಳಿಗೂ ತೋಟದ ಬೇರೆ ಮಕ್ಕಳಿಗೂ ಇದು ಸಿಗಬೇಕೆಂಬುದು ನಮ್ಮ ಆಸೆ. ಆ ಲೆಕ್ಕದಲ್ಲಿ ಸದ್ಯಕ್ಕೆ ಹೆಚ್ಚೇನೂ ಇಲ್ಲ. ದಾನಿಗಳು ರಸೀದಿಯಲ್ಲಿ 'ಜೊತೆಗಾರರ ಖರ್ಚು' ಎಂದು ಬರೆಸಿದರೆ ಸಾಕು.

ಹುಡುಗಿಗೆ ಬಾಕಿ ಹಣ ಮುಟ್ಟಿಸಿದ್ದೇವೆ. ಮತ್ತೆ ಹತ್ತನೇ ತರಗತಿಗೆ ಹೋಗುತ್ತಿದ್ದಾಳೆ. ಅರ್ಜಿ ಹಾಕುವ ಹೆತ್ತವರು ವೈದ್ಯರ ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ. ಅದನ್ನು ಒಬ್ಬರೇ ತೆರೆಯುತ್ತಾರೆ. ನಮೂನೆಯಲ್ಲಿ ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ.