240 ದಿನ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?



ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸ ಹೋಗುವುದು ಬಹಳ ಸಲ ಬಾಯಿಮಾತಿನಲ್ಲೇ. ರೋಬಸ್ಟಾ ಕೊಯ್ಲು ಮುಗಿಯುತ್ತಿದ್ದಂತೆ ಮೇಸ್ತ್ರಿ “ನಾಳೆಯಿಂದ ಬರಬೇಡ, ಬೇಕಾದಾಗ ಹೇಳಿ ಕಳಿಸ್ತೇವೆ” ಅನ್ನುತ್ತಾನೆ. ಹೇಳಿ ಕಳಿಸುವುದೇ ಇಲ್ಲ. ಹಾಗೆ ಕಾಯುವವನಿಗೆ ತನ್ನ ಕೆಲಸ ಯಾವ ದಿನ ಹೋಯಿತೆಂದೇ ಗೊತ್ತಾಗುವುದಿಲ್ಲ.

ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿದ ಅಧ್ಯಾಯದ 25ಎಫ್ ಕಲಮು, ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ನೋಟಿಸು ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ಸೇವೆಯ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕೆಂದಿತು. ಇಪ್ಪತ್ತು ವರ್ಷ ದುಡಿದವಳಿಗೆ 300 ದಿನದ ಕೂಲಿ. 1972ರ ಕಾಯ್ದೆಯ ಗ್ರಾಚ್ಯುಟಿ ಇದರ ಹೊರಗಿನದಾಗಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ನೋಟಿಸು, ಪರಿಹಾರದ ಈ ಅಳತೆ ಉಳಿದಿದೆ.

ಇಷ್ಟೆಲ್ಲ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿರಬೇಕು. ನಮ್ಮ ಜಿಲ್ಲೆಯ ಹೆಚ್ಚಿನ ದಾವೆಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಹಾಜರಿ ಬರೆಯುವವನು ರೈಟರ್, ಅದನ್ನು ಬರೆದಿಡುವ ಚೆಕ್‌ರೋಲ್ ಇರುವುದು ತೋಟದ ಆಫೀಸಿನಲ್ಲಿ. ಕೂಲಿಯವಳ ಹತ್ತಿರ ಇರುವುದು ನೆನಪು ಮಾತ್ರ.

ಸಾಬೀತಿನ ಈ ಪ್ರಶ್ನೆಯ ಎರಡು ಮುಖ್ಯ ಪ್ರಕರಣಗಳೂ ಕರ್ನಾಟಕದಿಂದಲೇ ಹೋದವು. 2002ರಲ್ಲಿ ಅರಣ್ಯ ಇಲಾಖೆಯ ಹಾದಿಮನಿ ಪ್ರಕರಣದಲ್ಲಿ, 240 ದಿನ ದುಡಿದೆನೆಂದು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ ಎಂದು ಸುಪ್ರೀಂ ಕೋರ್ಟ್ ಹೇಳಿತು; ಬರೀ ಅಫಿಡವಿಟ್‌ನ ಮಾತು ಸಾಲದೆಂದಿತು. 2005ರ ಯಲ್ಲಟ್ಟಿ ಪ್ರಕರಣದಲ್ಲಿ ಹೊಣೆ ಅವನ ಮೇಲೇ ಉಳಿಯಿತಾದರೂ ದಾರಿ ಒಂದಿಷ್ಟು ಸಲೀಸಾಯಿತು. ದಿನಗೂಲಿಯವನಿಗೆ ನೇಮಕದ ಕಾಗದವಾಗಲಿ ರಸೀದಿಯಾಗಲಿ ಇರುವುದಿಲ್ಲವೆಂದು ಕೋರ್ಟ್ ಗುರುತಿಸಿತು. ಅವನು ಸಾಕ್ಷಿಕಟ್ಟೆ ಹತ್ತಿ ಹೇಳಬಹುದು, ಮಸ್ಟರ್ ರೋಲ್ ತರಿಸಿ ಎಂದು ಕೇಳಬಹುದು. ಈ ಅರ್ಜಿಯನ್ನು ಮೊದಲ ದಿನವೇ ಹಾಕದ ವಕೀಲನನ್ನು ನಾನು ಕ್ಷಮಿಸಲಾರೆ.

ದಿನ ಎಣಿಸುವಾಗಲೂ ನಷ್ಟವಾಗುತ್ತದೆ. ಸಂಬಳಸಹಿತ ವಾರದ ರಜೆಯೂ 240ರಲ್ಲಿ ಸೇರುತ್ತದೆಂದು 1985ರಲ್ಲೇ ತೀರ್ಪಾಗಿದೆ. ಹೆರಿಗೆ ರಜೆಯೂ ಸೇರುತ್ತದೆ. ನಮ್ಮ ದಾವೆಗಳಲ್ಲಿ ಅವನ್ನು ಕೂಡುವವರು ಕಡಿಮೆ.

ಇನ್ನೊಂದು ಮಾತು. ಎರವರು, ಕುರುಬರಂಥ ಆದಿವಾಸಿಗಳು ಎಷ್ಟೋ ತಲೆಮಾರಿನಿಂದ ತೋಟದ ಲೈನ್‌ಮನೆಗಳಲ್ಲಿದ್ದಾರೆ. ಕೆಲಸದ ಜೊತೆ ಸೂರೂ ಹೋಗುವ ಕಡೆ, ನೋಟಿಸಿನ ಹಣಕ್ಕೆ ದಾವೆ ಹೂಡುವ ಧೈರ್ಯ ಯಾರಿಗಿರುತ್ತದೆ? 2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯ ತೆರವಿನಲ್ಲಿ ಗುಡಿಸಲು ಕಳಕೊಂಡವರಲ್ಲಿ ಲೈನ್‌ಮನೆ ಬಿಟ್ಟು ಬಂದವರು ಬಹಳ ಮಂದಿ.

ಸಣ್ಣ ಬೆಳೆಗಾರರ ಕಷ್ಟವನ್ನೂ ಬಲ್ಲೆ. 2018ರ ಭೂಕುಸಿತದಲ್ಲಿ ತೋಟವೇ ಹೋದವರು ಈ ಸಭೆಯಲ್ಲಿದ್ದಾರೆ. ಹಾಜರಿ ಪುಸ್ತಕ ಸರಿಯಾಗಿದ್ದರೆ ಅವರಿಗೂ ಸುಳ್ಳು ದಾವೆಯ ಭಯವಿಲ್ಲ.

ಹೊಸ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಇಲಾಖೆಯವರೂ ಬೆಳೆಗಾರರೂ ಸಂಘದವರೂ ಒಟ್ಟಿಗೆ ಕೂತು, ಹಾಜರಿಯ ಒಂದು ಪ್ರತಿ ಪ್ರತಿ ತಿಂಗಳೂ ಕೂಲಿಯವರ ಕೈಗೆ ಹೋಗುವಂಥ ಚೀಟಿಯ ನಮೂನೆಯನ್ನು ಬರೆದು ಮುಗಿಸಬೇಕೆಂದು ಕೋರುತ್ತೇನೆ. ಸಂಜೆ ನಾವು ಏಳುವ ಮೊದಲು ಅದು ಈ ಮೇಜಿನ ಮೇಲೆ ಬರಲಿ.