ನಡತೆಯ ಪತ್ರಕ್ಕೆ ಆಯುಷ್ಯವೆಷ್ಟು?

ಮನೆಯ ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿರುವ ಕಾಗದಗಳನ್ನು ಒಮ್ಮೆ ತೆಗೆದು ನೋಡಿರಿ. ಅಲ್ಲಿ ಜನನದ ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಮುಪ್ಪೆಂಬುದಿಲ್ಲ. ಹುಟ್ಟಿದ ದಿನ ಎಂದಾದರೂ ಬದಲಾಗುವುದುಂಟೆ? ಪಕ್ಕದಲ್ಲಿಯೇ ತಹಸೀಲದಾರರು ಕೊಟ್ಟ ಆದಾಯದ ಪ್ರಮಾಣಪತ್ರ ಇರುತ್ತದೆ. ಅದಕ್ಕೆ ನಮ್ಮ ರಾಜ್ಯದಲ್ಲಿ ಐದು ವರ್ಷದ ಅವಧಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಕಾಗದ ಬಂದು ಸೇರಿದೆ. ಅದು ನೌಕರಿಗಾಗಿ ಪೊಲೀಸರಿಂದ ಪಡೆಯುವ ನಡತೆಯ ಪತ್ರ. ಜನರು ಅದನ್ನು ‘ಪೊಲೀಸ್ ವೆರಿಫಿಕೇಷನ್’ ಎಂದೇ ಕರೆಯುತ್ತಾರೆ. ಇದಕ್ಕೆ ಆಯುಷ್ಯವೆಷ್ಟು? ಒಮ್ಮೆ ಪಡೆದರೆ ಸಾಕೆ, ಆಗಾಗ ಹೊಸದು ಮಾಡಿಸಬೇಕೆ? ನೌಕರಿ ಅರಸುವ ಮಕ್ಕಳಿರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಇಂದು ಅದನ್ನೇ ಸ್ವಲ್ಪ ವಿಚಾರ ಮಾಡೋಣ.

ಹಿಂದೆ ಇಂಥ ಕಾಗದದ ಅಗತ್ಯ ಅಷ್ಟಾಗಿ ಇರಲಿಲ್ಲ. ನಮ್ಮ ಸಿದ್ದಾಪುರದ ಸುತ್ತಿನಲ್ಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳಲ್ಲಿ ‘ಪೊಲೀಸ್ ಪಾಟೀಲ’, ‘ಮಾಲಿ ಪಾಟೀಲ’ ಎಂಬ ಮನೆತನದ ಹೆಸರುಗಳು ಇಂದಿಗೂ ಉಂಟು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಇವು ಬರಿಯ ಹೆಸರುಗಳಲ್ಲ, ಹುದ್ದೆಗಳು. ಮಾಲಿ ಪಾಟೀಲನದು ಕಂದಾಯದ ಕೆಲಸ; ಪೊಲೀಸ್ ಪಾಟೀಲನದು ಊರಿನ ಶಾಂತಿಪಾಲನೆಯ ಕೆಲಸ. ಯಾರ ಮಗ ಎಂಥವನು ಎಂಬುದು ಅವನಿಗೆ ಅಂಗೈ ನೆಲ್ಲಿ. ಅವನ ಮಾತಿಗೆ ಮುದ್ರೆ ಬೇಕಾಗಿರಲಿಲ್ಲ, ಅವಧಿಯೂ ಇರಲಿಲ್ಲ. ಏಕೆಂದರೆ ಅವನು ದಿನದಿನವೂ ನೋಡುತ್ತಿದ್ದನು. ೧೯೬೧ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ ಅಂಥ ವಂಶಪಾರಂಪರ್ಯ ಅಧಿಕಾರ ಹೋಯಿತು. ಅದಕ್ಕೂ ಮೊದಲೇ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದಿತ್ತು. ನೀರಿನ ಹಿಂದೆ ಭತ್ತ ಬಂದಿತು, ಭತ್ತದ ಹಿಂದೆ ಅಕ್ಕಿ ಗಿರಣಿ ಬಂದಿತು, ಆಂಧ್ರದ ರೈತರ ಕ್ಯಾಂಪುಗಳೆದ್ದವು, ದೂರದೂರದ ಕೂಲಿಗಳು ಬಂದರು. ನಮ್ಮ ಹುಡುಗರೂ ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೊರಟರು. ಹೀಗೆ ಒಬ್ಬರನ್ನೊಬ್ಬರು ಅರಿಯದ ಜನ ಒಂದೆಡೆ ಸೇರಿದಾಗ, ನಂಬಿಕೆ ಬಾಯಿಮಾತಿನಿಂದ ಕಾಗದಕ್ಕೆ ಇಳಿಯಿತು.

ಆ ಕಾಗದ ಏನು ಹೇಳುತ್ತದೆ? “ಇವನು ಸಜ್ಜನ” ಎಂದು ಹೇಳುತ್ತದೆ ಎಂಬುದು ಬಹುಮಂದಿಯ ಎಣಿಕೆ. ಹಾಗಲ್ಲ. “ನಮ್ಮ ದಾಖಲೆಗಳಲ್ಲಿ ಇವನ ವಿರುದ್ಧ ಏನೂ ಕಂಡುಬಂದಿಲ್ಲ” ಎಂಬುದಷ್ಟೇ ಅದರ ತಾತ್ಪರ್ಯ. ನಮ್ಮ ಶಾಸ್ತ್ರಕಾರರಲ್ಲಿ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬ ಒಂದು ಪ್ರಮಾಣವನ್ನು ಒಪ್ಪಿದ್ದಾರೆ. ನೆಲದ ಮೇಲೆ ಮಡಕೆ ಕಾಣಿಸದಿದ್ದರೆ ಅಲ್ಲಿ ಮಡಕೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಅವರು ಒಂದು ಕಟ್ಟು ಹಾಕಿದ್ದಾರೆ: ಮಡಕೆ ಇದ್ದಿದ್ದರೆ ಕಾಣುವಂತಿರಬೇಕು. ಕತ್ತಲೆಯಲ್ಲಿ ನಿಂತು “ಮಡಕೆ ಕಾಣಲಿಲ್ಲ, ಆದ್ದರಿಂದ ಇಲ್ಲ” ಎಂದರೆ ಅದು ಪ್ರಮಾಣವಾಗದು. ಪೊಲೀಸರ ಪತ್ರವೂ ಈ ಜಾತಿಯದೇ. ಯಾವ ಠಾಣೆಯ ದಾಖಲೆ ನೋಡಿದರು, ಯಾವ ದಿನ ನೋಡಿದರು, ಎಂಬ ಎರಡು ಎಲ್ಲೆಗಳು ಅದಕ್ಕುಂಟು. ಐದು ವರ್ಷ ಬಳ್ಳಾರಿಯಲ್ಲಿ ಇದ್ದವನು ಅರ್ಜಿಯಲ್ಲಿ ಬರಿಯ ಸಿದ್ದಾಪುರದ ವಿಳಾಸ ಬರೆದರೆ, ಆ ಪರಿಶೀಲನೆ ದೀಪವಿಲ್ಲದ ಕೋಣೆಯ ಪರಿಶೀಲನೆಯಾದೀತು. ನೋಡಿದ ದಿನದ ಮರುದಿನ ನಡೆದುದಕ್ಕೂ ಆ ಪತ್ರ ಹೊಣೆಯಲ್ಲ. ‘ನಡತೆ’ ಎಂಬ ಮಾತೇ ‘ನಡೆ’ ಎಂಬುದರಿಂದ ಬಂದದ್ದು. ನಡೆಯುವುದನ್ನು ಒಂದು ತಾರೀಖಿಗೆ ಕಟ್ಟಿ ನಿಲ್ಲಿಸಲಾಗದು.

ಆದುದರಿಂದಲೇ ಇದಕ್ಕೆ ಎಲ್ಲೆಡೆಗೂ ಒಪ್ಪುವ ಒಂದೇ ಅವಧಿ ಇಲ್ಲ. ಪತ್ರವನ್ನು ಕೇಳುವವರು ಯಾರು, ಯಾವ ಕೆಲಸಕ್ಕೆ ಕೇಳುತ್ತಾರೆ ಎಂಬುದರ ಮೇಲೆ ಅವಧಿ ನಿಲ್ಲುತ್ತದೆ. ನಮ್ಮ ರಾಜ್ಯದ ೧೯೭೭ರ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ಸರಕಾರಿ ನೌಕರಿಗೆ ಆಯ್ಕೆಯಾದವನು ಬಂಧುಗಳಲ್ಲದ ಇಬ್ಬರು ಜವಾಬ್ದಾರಿಯುಳ್ಳವರಿಂದ ನಡತೆಯ ಪತ್ರ ತರಬೇಕು. ಅದು ಆರು ತಿಂಗಳಿಗಿಂತ ಹಳೆಯದಾಗಿರಕೂಡದು. ಖಾಸಗಿ ಭದ್ರತಾ ಸಂಸ್ಥೆಗಳ ಕಾವಲುಗಾರರ ವಿಷಯದಲ್ಲಿ ೨೦೦೫ರ ಕಾಯಿದೆಯಡಿ ಬಂದ ೨೦೦೬ರ ಕೇಂದ್ರ ಮಾದರಿ ನಿಯಮಗಳು ಪೊಲೀಸರ ವರದಿಗೆ ಮೂರು ವರ್ಷದ ಅವಧಿ ಇಟ್ಟವು. ವಿದೇಶದಲ್ಲಿ ನೌಕರಿಗೆ ಹೋಗುವವರಿಗೆ ಪತ್ರ ಕೊಡುವುದು ಪಾಸ್‌ಪೋರ್ಟ್ ಕಚೇರಿ; ಅದು ಎಷ್ಟು ಹೊಸದಿರಬೇಕೆಂದು ಹೇಳುವುದು ಆಯಾ ದೇಶ. ಹೀಗಿರುವಾಗ ನೀವು ಮಾಡಬೇಕಾದುದು ಇಷ್ಟೆ: ಪತ್ರ ಮಾಡಿಸುವ ಮೊದಲೇ ಕೇಳುವವರಿಂದ ಅವಧಿಯನ್ನು ತಿಳಿದುಕೊಳ್ಳಿರಿ. ಬೇಗ ಮಾಡಿಸಿಟ್ಟರೆ ಲಾಭವೆಂದು ತಿಳಿದು, ಸಂದರ್ಶನದ ವೇಳೆಗೆ ಪತ್ರ ಹಳತಾಗಿ ಪರದಾಡುವುದು ಬೇಡ.

ಹೊಸದು ಮಾಡಿಸುವುದೆಂದರೆ ಹಳೆಯ ಪತ್ರದ ಮೇಲೆ ಹೊಸ ಮುದ್ರೆ ಒತ್ತಿಸುವುದಲ್ಲ. ಹೊಸ ಅರ್ಜಿ, ಹೊಸ ಶೋಧನೆ, ಹೊಸ ತಾರೀಖು. ಈಗ ನಮ್ಮ ರಾಜ್ಯದಲ್ಲಿ ‘ಸೇವಾ ಸಿಂಧು’ವಿನ ಮೂಲಕ ಮನೆಯಿಂದಲೇ ಅರ್ಜಿ ಹಾಕಬಹುದು. ನಡುವೆ ಮನೆ ಬದಲಿಸಿದ್ದರೆ ಆ ವಿಳಾಸಗಳನ್ನೂ ಬಿಡದೆ ಬರೆಯಿರಿ.

ಮಕ್ಕಳಿರುವ ಕಡೆ ಇದು ಮತ್ತೂ ಮುಖ್ಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯಿದೆಯಡಿ ೨೦೨೦ರಲ್ಲಿ ಬಂದ ನಿಯಮಗಳು, ಶಾಲೆ, ಶಿಶುವಿಹಾರ, ಕ್ರೀಡಾಶಾಲೆ ಮೊದಲಾದವು ತಮ್ಮ ಪ್ರತಿಯೊಬ್ಬ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕೆನ್ನುತ್ತವೆ. ಬೋಧಕರಾಗಲಿ ಬೋಧಕೇತರರಾಗಲಿ, ಕಾಯಂ ಆಗಲಿ ಗುತ್ತಿಗೆಯಾಗಲಿ ಭೇದವಿಲ್ಲ. ಒಮ್ಮೆ ಮಾಡಿದರೆ ಸಾಲದು, ನಿಯತಕಾಲಕ್ಕೆ ಮತ್ತೆ ಮಾಡಬೇಕು. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೂ ಇದು ತಪ್ಪಿದ್ದಲ್ಲ. “ಇಷ್ಟು ವರ್ಷವಾದ ಮೇಲೆ ನನ್ನ ಮೇಲೆ ಸಂಶಯವೆ?” ಎಂದು ಕೆಲವರು ನೊಂದುಕೊಳ್ಳುತ್ತಾರೆ. ನನ್ನ ಸಹೋದ್ಯೋಗಿಗಳಿಗೆ ನಾನು ಹೇಳುವುದುಂಟು: ತಕ್ಕಡಿಗೆ ವರ್ಷವರ್ಷವೂ ಮುದ್ರೆ ಹಾಕಿಸಿದರೆ ಅಂಗಡಿಯವನಿಗೆ ಅವಮಾನವೆ? ಕೊಳ್ಳುವವನಿಗೆ ಧೈರ್ಯ, ಮಾರುವವನಿಗೆ ಗೌರವ. ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸುವ ತಾಯಿಗೂ ಆ ಧೈರ್ಯ ಬೇಕಲ್ಲವೆ?

ಇದಕ್ಕೆ ಇನ್ನೊಂದು ಮಗ್ಗುಲುಂಟು. ಹಿಂದಿನದನ್ನು ಎಂದೆಂದಿಗೂ ಹಣೆಗೆ ಅಂಟಿಸಿಬಿಡುವ ದಾಖಲೆಯೂ ಕೇಡೇ. ೧೮೭೧ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿದ ಕುಲವನ್ನೇ ತಪ್ಪೆಂದು ಬರೆಯಿತು. ಅದು ತೊಲಗಿದ್ದು ೧೯೫೨ರಲ್ಲಿ. ಇಂದಿನ ಕಾನೂನು ಬೇರೆ ದಾರಿ ಹಿಡಿದಿದೆ. ೨೦೧೫ರ ಬಾಲನ್ಯಾಯ ಕಾಯಿದೆಯ ೨೪ನೆಯ ಕಲಮಿನಂತೆ, ಬಾಲ್ಯದಲ್ಲಿ ಮಾಡಿದ ತಪ್ಪು ಮುಂದೆ ಅನರ್ಹತೆಯಾಗದು, ದಾಖಲೆಯನ್ನೂ ನಾಶಮಾಡಬೇಕು. ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಣೆಗೊಳಗಾದ, ಹದಿನಾರು ದಾಟಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ೨೦೧೧ರಲ್ಲಿ ದೆಹಲಿ ಪೊಲೀಸ್ ನೌಕರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ಕ್ಷಮಿಸಬಹುದೆಂದಿತು. ರೊಟ್ಟಿ ಕದ್ದು ಜೀವನವಿಡೀ ಕಳ್ಳನೆನಿಸಿಕೊಂಡ, ವಿಕ್ಟರ್ ಹ್ಯೂಗೋನ ಕಾದಂಬರಿಯ ನಾಯಕನನ್ನು ಅಲ್ಲಿ ನೆನೆಯಿತು.

ಹಾಗೆಂದು ಮುಚ್ಚಿಡುವುದು ಜಾಣತನವಲ್ಲ. ೨೦೧೬ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಇದನ್ನು ಬಿಡಿಸಿ ಹೇಳಿದೆ. ಬಂಧನ, ಮೊಕದ್ದಮೆ, ಶಿಕ್ಷೆ, ಬಿಡುಗಡೆ, ಏನು ಕೇಳಿದ್ದರೂ ನಿಜವನ್ನೇ ಬರೆಯಬೇಕು. ನಿಜ ಬರೆದವನ ವಿಷಯವನ್ನು ನೌಕರಿ ಕೊಡುವವರು ತೂಗಿ ನೋಡಬಹುದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಸಂಗತಿಯಾದರೆ, ಬರೆಯದೆ ಬಿಟ್ಟುದನ್ನೂ ಮನ್ನಿಸಬಹುದು. ನಮೂನೆಯಲ್ಲಿ ಕೇಳದೆ ಇದ್ದುದನ್ನು ಹೇಳಲಿಲ್ಲವೆಂದು ದೂಷಿಸುವಂತಿಲ್ಲ. ಊರಿನ ಜಾತ್ರೆಯ ಜಗಳದಲ್ಲಿ ಹೆಸರು ಸೇರಿ, ಮುಂದೆ ಖುಲಾಸೆಯಾದ ಹುಡುಗ ನಿಮ್ಮ ಮನೆಯಲ್ಲಿದ್ದರೆ, ಖುಲಾಸೆಯ ತೀರ್ಪಿನ ನಕಲನ್ನು ತೆಗೆದಿಡಲು ಹೇಳಿರಿ, “ಹಳೆಯದು, ಯಾರಿಗೆ ಗೊತ್ತಾದೀತು?” ಎನ್ನಬೇಡಿರಿ. ಆ ಜಗಳಕ್ಕಿಂತ, ಅದನ್ನು ಬಚ್ಚಿಟ್ಟ ಸುಳ್ಳೇ ನೌಕರಿಯನ್ನು ತಿಂದೀತು.

ನೌಕರಿ ಕೊಡುವ ಮಹನೀಯರಿಗೂ ಒಂದು ಮಾತು. ಪತ್ರದ ತಾರೀಖನ್ನೂ ಅದರಲ್ಲಿರುವ ವಿಳಾಸವನ್ನೂ ಮೊದಲು ನೋಡಿರಿ. ಪತ್ರ ಕೈಸೇರಿತೆಂದು ಕಣ್ಣು ಮುಚ್ಚದಿರಿ. ಪತ್ರದಲ್ಲಿ ಒಂದು ಹಳೆಯ ಗೆರೆ ಕಂಡಿತೆಂದು ಬಾಗಿಲು ಮುಚ್ಚದಿರಿ. ಪೊಲೀಸ್ ಪಾಟೀಲನು ಹಿಂದೆ ದಿನವೂ ಮಾಡುತ್ತಿದ್ದ ನೋಟವನ್ನು ಈಗ ಕಾಗದ ಆಗಾಗ ಮಾಡುತ್ತದೆ. ನಡುವಿನ ದಿನಗಳ ನೋಟ ನಿಮ್ಮದೇ.