ಹೋದವರ ಹೆಸರು ಉಳಿಸೋಣ
(ದುದ್ದದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಹಿರಿಯರ ಹಬ್ಬದಲ್ಲಿ ಎಡೆ ಇಡುವ ಪದ್ಧತಿ ನಮ್ಮ ಕಡೆ ಇದೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಅಡಿಗೆ ಮಾಡುವವರು ಯಾರು? ಹೆಂಗಸರು. ಅಜ್ಜನಿಗೆ ಕಡುಬು ಇಷ್ಟ, ಅತ್ತೆಗೆ ಪಾಯಸ ಇಷ್ಟ ಅನ್ನೋದನ್ನೆಲ್ಲ ನೆನಪಿಟ್ಟುಕೊಂಡವರು ನಾವೇ. ಆದರೆ ನಮ್ಮನ್ನು ನೆನಪಿಡುವವರು ಯಾರು?

ಬಸ್ ನಿಲ್ದಾಣದ ಹತ್ತಿರ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್‌ಗಳನ್ನು ಒಮ್ಮೆ ನೋಡಿ. ಗಂಡಸರದಾದರೆ ಮಾಜಿ ಅಧ್ಯಕ್ಷರು, ಮುಖಂಡರು ಎಂದು ಇರುತ್ತದೆ. ಹೆಂಗಸಿನದಾದರೆ ಇಂಥವರ ಧರ್ಮಪತ್ನಿ, ಇಂಥವರ ತಾಯಿ. ಅವಳು ಏನು ಮಾಡಿದಳು ಅನ್ನೋದು ಇರೋದೇ ಇಲ್ಲ.

ನಮ್ಮ ಜಿಲ್ಲೆ ದೊಡ್ಡವರನ್ನು ಕಂಡ ಜಿಲ್ಲೆ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1991ರಲ್ಲಿ ತೀರಿಕೊಂಡರು. ಅವರು ಬರೆದದ್ದು ರಾಜರ ಕಥೆಯಲ್ಲ, ಹಳ್ಳಿಯ ಸಾಮಾನ್ಯ ಜನರ ವಿಚಾರ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಬರೆದವು. ಅವರ ‘ಗೃಹಭಂಗ’ದ ನಂಜಮ್ಮನ ಹಿಂದೆ ಅವರ ತಾಯಿಯ ಬದುಕೇ ಇದೆ. ಮಗ ಬರೆದದ್ದಕ್ಕೆ ಆ ತಾಯಿಯ ಕಷ್ಟ ನಾಡಿಗೆ ಗೊತ್ತಾಯಿತು. ಬರೆಯುವ ಮಗ ಇಲ್ಲದ ತಾಯಂದಿರು ಎಷ್ಟು ಜನ!

ಇನ್ನು ಯಶೋಧರಾ ದಾಸಪ್ಪನವರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1905ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರ್ತಿ. ಗಾಂಧೀಜಿಯವರ ಪತ್ನಿ ಕಸ್ತೂರಬಾ 1944ರ ಫೆಬ್ರವರಿ 22ರಂದು ಪುಣೆಯಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಅವರ ನೆನಪಿಗೆ ಕೂಡಿಸಿದ ಹಣವನ್ನು ಹಳ್ಳಿಯ ಹೆಂಗಸರು ಮತ್ತು ಮಕ್ಕಳ ಕೆಲಸಕ್ಕೆ ಇಟ್ಟರು. ಆ ಕಸ್ತೂರಬಾ ಟ್ರಸ್ಟಿನ ಕೆಲಸವನ್ನು ನಮ್ಮ ಪಕ್ಕದ ಅರಸೀಕೆರೆಯಲ್ಲಿ ಕಟ್ಟಿ ಬೆಳೆಸಿದವರು ಯಶೋಧರಮ್ಮ. ನೋಡಿ, ಒಬ್ಬ ಹೆಣ್ಣುಮಗಳ ನೆನಪು ಇನ್ನೆಷ್ಟೋ ಹೆಣ್ಣುಮಕ್ಕಳಿಗೆ ಆಸರೆಯಾಯಿತು.

ಮುಂದೆ ಅವರು ರಾಜ್ಯದಲ್ಲಿ ಮಂತ್ರಿಯಾದರು. ಸರ್ಕಾರ ಪಾನನಿಷೇಧ ತೆಗೆದುಹಾಕಿದಾಗ ಅದನ್ನು ಒಪ್ಪದೆ ಮಂತ್ರಿ ಪದವಿಯನ್ನೇ ಬಿಟ್ಟರು. ಕುಡಿತದಿಂದ ಮನೆ ಹೇಗೆ ಹಾಳಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಪರವಾಗಿ ಕುರ್ಚಿ ಬಿಟ್ಟ ಹೆಂಗಸು ಅವರು. 1972ರಲ್ಲಿ ಪದ್ಮಭೂಷಣ ಬಂತು, 1980ರಲ್ಲಿ ತೀರಿಕೊಂಡರು. ಇವತ್ತು ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ.

ಬೇಲೂರು ತಾಲ್ಲೂಕಿನ ದಬ್ಬೆ ಗ್ರಾಮದ ವಿಜಯಾ ದಬ್ಬೆಯವರೂ ಹಾಗೆಯೇ. ಮೈಸೂರಿನಲ್ಲಿ ಕನ್ನಡ ಪಾಠ ಹೇಳಿದರು, ಮಹಿಳಾ ಹೋರಾಟದಲ್ಲಿ ಮುಂದೆ ನಿಂತರು. ನಂಜನಗೂಡಿನ ತಿರುಮಲಾಂಬ ಎಳೆ ವಯಸ್ಸಿನಲ್ಲೇ ವಿಧವೆಯಾಗಿಯೂ ಪತ್ರಿಕೆ ನಡೆಸಿದವರು, ಪುಸ್ತಕ ಪ್ರಕಟಿಸಿದವರು. ಅಂಥ ಮರೆತುಹೋದ ಲೇಖಕಿಯರನ್ನು ವಿಜಯಾ ಹುಡುಕಿ ಹೊರತಂದರು. 1999ರಲ್ಲಿ ಅಪಘಾತವಾಗಿ, ಎಲ್ಲರ ನೆನಪು ಉಳಿಸಿದ ಆಕೆಯ ನೆನಪಿನ ಶಕ್ತಿಗೇ ಪೆಟ್ಟು ಬಿತ್ತು. 2018ರಲ್ಲಿ ತೀರಿಕೊಂಡರು. ಈಗ ಅವರನ್ನು ನೆನಪಿಡುವ ಸರದಿ ನಮ್ಮದು.

ಹಾಗಾದರೆ ನಾವೇನು ಮಾಡಬಹುದು? ಫ್ಲೆಕ್ಸ್‌ಗೆ ದುಡ್ಡು ಬೇಡ.

1. ಸಂಘದ ಸದಸ್ಯೆ ತೀರಿಕೊಂಡರೆ ಮುಂದಿನ ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸಿ. ನಡಾವಳಿ ಪುಸ್ತಕದಲ್ಲಿ ಆಕೆಯ ಸ್ವಂತ ಹೆಸರು, ತವರೂರು, ಆಕೆ ಮಾಡಿದ ಕೆಲಸವನ್ನು ಐದು ಸಾಲು ಬರೆಯಿರಿ. ಬರೆಯಲು ಬಾರದವರು ಹೇಳಲಿ, ಓದಿದ ಹುಡುಗಿಯರು ಬರೆದುಕೊಳ್ಳಲಿ.

2. ಊರಿನ ಹಳೇ ಸೂಲಗಿತ್ತಿ, ಸೋಬಾನೆ ಹೇಳುವ ಅಜ್ಜಿ, ಮೊದಲ ಅಂಗನವಾಡಿ ಕಾರ್ಯಕರ್ತೆ, ಇವರು ಬದುಕಿರುವಾಗಲೇ ಕೂತು ಕೇಳಿ ಬರೆದಿಡಿ.

3. ಸಾವನ್ನು 21 ದಿನದೊಳಗೆ ನೋಂದಾಯಿಸಿ. ಗ್ರಾಮ ಆಡಳಿತಾಧಿಕಾರಿ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ. ಹೆಸರು ಆಧಾರ್‌ನಲ್ಲಿ, ಪಾಸ್ ಪುಸ್ತಕದಲ್ಲಿ ಇದ್ದ ಹಾಗೇ ಇರಲಿ. ಕರೆಯುವ ಹೆಸರು ಬರೆಸಿಬಿಟ್ಟರೆ ಉಳಿತಾಯದ ಹಣಕ್ಕೆ, ವಿಮೆಗೆ, ಖಾತೆ ಬದಲಾವಣೆಗೆ ಮಕ್ಕಳು ಅಲೆಯಬೇಕಾಗುತ್ತದೆ.

4. ಸಾಲ, ಉಳಿತಾಯ, ನಾಮಿನಿ ಈ ಮೂರನ್ನೂ ಪ್ರತಿ ಸದಸ್ಯೆಯ ಹೆಸರಿನ ಮುಂದೆ ಈಗಲೇ ಸರಿಮಾಡಿಕೊಳ್ಳಿ. ಸತ್ತ ಮನೆಯಲ್ಲಿ ಲೆಕ್ಕದ ಜಗಳ ಬರಬಾರದು.

ನಮ್ಮ ಅಜ್ಜಿಯ ಅಜ್ಜಿಯ ಹೆಸರು ನಮಗೆ ಗೊತ್ತಿಲ್ಲ. ನಮ್ಮ ಮೊಮ್ಮಕ್ಕಳು ಹಾಗೆ ಹೇಳುವಂತಾಗಬಾರದು. ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ತೀರಿಕೊಂಡ ಒಬ್ಬ ಸದಸ್ಯೆಯ ವಿಚಾರ ಬರೆದು ಓದಿ. ಅಷ್ಟು ಮಾಡಿದರೆ ಸಾಕು, ಶುರುವಾದ ಹಾಗೆ.